ಸೇತುವೆಯಾಚೆಯ ದನಿ

ಸೋಮವಾರ ಬೆಳಗ್ಗೆ ಒರೆಸಿದ ಠಾಣೆಯ ನೆಲ ಇನ್ನೂ ಆರಿರಲಿಲ್ಲ. ಆ ಹಸಿ ನೆಲದ ಮೇಲೆಯೇ ಹೆಜ್ಜೆ ಮೂಡಿಸುತ್ತ ಕರ್ನಲ್ ಅವರ ಮಗಳು ಇನ್‌ಸ್ಪೆಕ್ಟರ್ ಕೋಣೆಗೆ ಬಂದರು. ಜೊತೆಗೆ ವಕೀಲರಿರಲಿಲ್ಲ, ಪಕ್ಷದವರೂ ಇರಲಿಲ್ಲ. ತಂದೆಯ ಕಚೇರಿ, ಪ್ರವಾಸ, ಪತ್ರಿಕಾಗೋಷ್ಠಿ ಎಲ್ಲವನ್ನೂ ವರ್ಷಗಳಿಂದ ಸಂಭಾಳಿಸುತ್ತಿದ್ದ ಆಕೆ ಹೀಗೆ ಒಬ್ಬರೇ ಬಂದದ್ದು ನೋಡಿ ಇನ್‌ಸ್ಪೆಕ್ಟರ್ ಎದ್ದು ನಿಂತರು.

"ನಮ್ಮಪ್ಪನಿಗೆ ಯಾರೋ ಏನೋ ಮಾಡ್ತಿದ್ದಾರೆ. ಕಂಪ್ಲೇಂಟ್ ಬರ್ಕೊಳ್ಳಿ."

"ಏನು ಮಾಡ್ತಿದ್ದಾರೆ ಮೇಡಂ?"

"ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ಆಕೆ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದ ವಿಡಿಯೊವನ್ನು ಊರಿಗೆ ಊರೇ ಆಗಲೇ ನೋಡಿತ್ತು. ಭಾನುವಾರ ನಗರ ಸಭಾಂಗಣದಲ್ಲಿ ಕರ್ನಲ್ ಭಾಷಣ ಮಾಡುತ್ತಿದ್ದಾರೆ. ಒಂದು ವಾಕ್ಯದ ನಟ್ಟನಡುವೆ ನಿಂತುಬಿಡುತ್ತಾರೆ. ದೂರದಿಂದ ಯಾರೋ ಕೂಗಿದ್ದನ್ನು ಕೇಳಿಸಿಕೊಳ್ಳುವವರ ಹಾಗೆ ತಲೆ ಒಂದು ಕಡೆಗೆ ವಾಲುತ್ತದೆ. ಮುಖದ ರಕ್ತ ಇಳಿದುಹೋಗುತ್ತದೆ. ಆಮೇಲೆ ಮೈಕಿಗೆ ತುಟಿ ತಾಗಿಸಿ, ಭಾಷಣದ ದನಿಯೇ ಅಲ್ಲದ ಬೇರೆಯದೇ ದನಿಯಲ್ಲಿ ಹೇಳುತ್ತಾರೆ: "ಅಲ್ಲೇ ಇರು." ಸಭೆಯಲ್ಲಿ ಯಾರೋ ನಗುತ್ತಾರೆ. "ಹೇಳ್ತೀನಿ. ಅಲ್ಲೇ ಇರು," ಎಂದು ಇನ್ನೊಮ್ಮೆ ಅಂದವರು ಪೋಡಿಯಂ ಹಿಡಿದುಕೊಂಡೇ ಕುಸಿಯುತ್ತಾರೆ.

"ಇದು ಮೂರನೇ ಸಲ. ಮೊದಲ ಎರಡು ಸಲ ಬೀಳಲಿಲ್ಲ, ಸುಧಾರಿಸಿಕೊಂಡ್ರು. ವಿರೋಧ ಪಕ್ಷದವರು ಅರಳುಮರಳು ಅಂತಿದ್ದಾರೆ. ನಮ್ಮ ಪಕ್ಷದವರು ಬಾಯಿಬಿಟ್ಟು ಅಂತಿಲ್ಲ, ಅಷ್ಟೇ. ಗುರುವಾರ ಪ್ರಮಾಣವಚನ ಇದೆ ಸರ್."

"ಯಾವ ಖಾತೆ?"

"ಗೃಹ."

ಬಾಗಿಲ ಬಳಿ ನಿಂತಿದ್ದ ದಫೇದಾರರು ತಟ್ಟನೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಗುರುವಾರದ ನಂತರ ಇಡೀ ಪೊಲೀಸ್ ಇಲಾಖೆಯೇ ಕರ್ನಲ್ ಕೈಕೆಳಗೆ ಬರಲಿತ್ತು. ಹಿಂದಿನ ಸಂಜೆಯಷ್ಟೇ ಚಹಾ ಅಂಗಡಿಯಲ್ಲಿ ತಾವು, ಲೋಟ ತರಲು ಹೊರಟ ಹುಡುಗನಿಗೆ "ಅಲ್ಲೇ ಇರು" ಎಂದು ಕರ್ನಲ್ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದು ಅವರಿಗೆ ನೆನಪಾಗಿರಬೇಕು.

ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯ ವೈದ್ಯರು ವರದಿಗಳನ್ನು ಮುಂದೆ ಹರಡಿದರು. ರಕ್ತದಲ್ಲಿ ವಿಷವಿಲ್ಲ, ಮಾದಕವಿಲ್ಲ. ಮೆದುಳಿನಲ್ಲಿ ರಕ್ತಸ್ರಾವವೂ ಇಲ್ಲ.

"ಹಾಗಾದ್ರೆ ಏನಿದು?"

"ಹೆದರಿಕೆ," ಎಂದರು ವೈದ್ಯರು. "ಬರೀ ಹೆದರಿಕೆ. ಈ ಸಲ ಹೃದಯ ತಡ್ಕೊಂಡಿದೆ. ಇನ್ನೊಂದು ಸಲ ಹೀಗಾದ್ರೆ ನಾನು ಮಾತು ಕೊಡಲ್ಲ."

ಕರ್ನಲ್ ಹಾಸಿಗೆಯ ಮೇಲೆ ಒರಗದೆ ಕೂತಿದ್ದರು. ಆಸ್ಪತ್ರೆಯ ಅಂಗಿಯ ಗುಂಡಿಗಳನ್ನು ಕೊರಳಿನವರೆಗೆ ಹಾಕಿಕೊಂಡಿದ್ದರು. ಫಿರಂಗಿಗಳ ಸದ್ದಿಗೆ ಎರಡೂ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಮಿಷನ್ ಇಲ್ಲದೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ಕಿವಿಯ ಮಿಷನ್‌ಗಳ ಪುಟ್ಟ ಡಬ್ಬಿ ದೂರದ ಕಿಟಕಿಯ ಕಟ್ಟೆಯ ಮೇಲಿತ್ತು. ಅದರ ಮೇಲೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದ್ದರು. ಒಳಗಿನದು ಎದ್ದು ಬಂದೀತೆಂಬ ಹಾಗಿತ್ತು ಆ ಹೊದಿಕೆ.

ಇನ್‌ಸ್ಪೆಕ್ಟರ್ ಕೂಗಿ ಕೂಗಿ ವಿಚಾರಣೆ ಮಾಡಬೇಕಾಯಿತು. ಪಕ್ಕದ ಕೋಣೆಯ ರೋಗಿ ಬಾಗಿಲಿಗೆ ಬಂದು ನಿಂತ.

"ಭಾಷಣದ ಮಧ್ಯೆ ಏನಾಯ್ತು ಸರ್?"

"ತಲೆ ಸುತ್ತು."

"ಅಲ್ಲೇ ಇರು ಅಂದ್ರಿ. ಯಾರಿಗೆ?"

"ಯಾರಿಗೂ ಇಲ್ಲ."

"ಮಿಷನ್ ಯಾಕೆ ತೆಗೆದಿಟ್ಟಿದ್ದೀರಿ?"

"ಕೆಟ್ಟಿದೆ."

"ಇಲ್ಲ ಅಪ್ಪಾ, ಹೋದ ವಾರ ತಾನೇ ತೋರಿಸಿದ್ವಲ್ಲ," ಎಂದರು ಮಗಳು. ಕರ್ನಲ್ ಅದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಳ್ಳಲು ಇಷ್ಟಪಡಲಿಲ್ಲ. ಕೇಳಿದ ಪ್ರತಿ ಪ್ರಶ್ನೆಗೂ ಅವರ ಕಣ್ಣು ಮೊದಲು ಆ ಟವೆಲ್ಲಿನ ಕಡೆಗೆ ಹೋಗಿ ಬರುತ್ತಿದ್ದುದನ್ನು ಇನ್‌ಸ್ಪೆಕ್ಟರ್ ಗಮನಿಸಿದರು.

ಜೀಪಿನಲ್ಲಿ ದಫೇದಾರರು ಕರ್ನಲ್ ಚರಿತ್ರೆ ಬಿಚ್ಚಿದರು. ಮೊದಲ ಚುನಾವಣೆಯಿಂದಲೂ ಅವರ ಸಭೆಗಳಿಗೆ ಬಂದೋಬಸ್ತಿಗೆ ನಿಂತವರು ಅವರು.

"ಯುದ್ಧದಲ್ಲಿ ಒಂದು ಸೇತುವೆ ಉಡಾಯಿಸಿ ಶತ್ರುನ ತಡೆದ್ರು. ಪದಕ ಬಂತು. ಆ ಸೇತುವೆ ಮೇಲೇ ನಡ್ಕೊಂಡು ರಾಜಕೀಯಕ್ಕೆ ಬಂದ್ರು ಅನ್ನಿ. ಎರಡು ಸಲ ಪಕ್ಷ ಬಿಟ್ರು. ಲೋಕೋಪಯೋಗಿ ಮಂತ್ರಿ ಆಗಿದ್ದಾಗ ಒಬ್ಬ ಎಂಜಿನಿಯರ್ ಕೆನ್ನೆಗೆ ಬಾರಿಸಿದ್ರು. ನೆರೆ ಪರಿಹಾರದ ಗುಡಾರ ಖರೀದಿಯಲ್ಲಿ ಹೆಸರು ಕೆಡ್ತು, ವಿಚಾರಣೆ ಆಯ್ತು, ಏನೂ ಸಿಗ್ಲಿಲ್ಲ. ಎಲ್ಲಾನೂ ಜೀರ್ಣಿಸಿಕೊಂಡ್ರು ಸರ್. ಒಂದೇ ಒಂದಕ್ಕೆ ಮಾತ್ರ ಕೋರ್ಟಿಗೆ ಹೋದ್ರು."

"ಯಾವುದಕ್ಕೆ?"

"ಸೇತುವೆ ಆಚೆ ಕಾವಲಿಗಿದ್ದ ನಾಲ್ಕು ಜನ ಏನಾದ್ರು ಅಂತ ಒಬ್ಬ ಪತ್ರಕರ್ತ ಬರೆದ. ಸೈನ್ಯದ ಕಡತದಲ್ಲಿ ಅವರು ಕಾವಲು ಬಿಟ್ಟು ಓಡಿಹೋದವರು. ಆ ಪತ್ರಕರ್ತ ಕ್ಷಮೆ ಕೇಳಿ ಊರೇ ಬಿಟ್ಟ. ಮೊನ್ನೆ ಟೀವಿಯಲ್ಲಿ ಯಾರೋ ಮತ್ತೆ ಕೇಳಿದ್ರು. 'ಓಡಿಹೋದವರ ಹೆಸರು ನಾನು ನೆನಪಿಟ್ಕೊಳ್ಳಲ್ಲ' ಅಂದ್ರು ಕರ್ನಲ್."

ಧ್ವನಿವರ್ಧಕದ ಅಂಗಡಿಯವನನ್ನು ಎಲ್ಲರೂ ಮೈಕಪ್ಪ ಎಂದೇ ಕರೆಯುತ್ತಿದ್ದರು. ಪೊಲೀಸರನ್ನು ಕಂಡೊಡನೆ ಅವನೇ ಮೂರೂ ಸಭೆಗಳ ಧ್ವನಿಮುದ್ರಣ ಹಾಕಿ ಕೂರಿಸಿದ. ಕರ್ನಲ್ ಮಾತು, ಚಪ್ಪಾಳೆ, ಕೆಮ್ಮು, ಕುರ್ಚಿ ಎಳೆದ ಸದ್ದು. ಬೇರೇನೂ ಇರಲಿಲ್ಲ.

"ನನ್ನ ಮೈಕಲ್ಲಿ ದೆವ್ವ ಇದ್ರೆ ನನಗೂ ಹಿಡೀಬೇಕಿತ್ತಲ್ಲ ಸ್ವಾಮಿ?" ಎಂದ ಮೈಕಪ್ಪ. ನಗಲು ನೋಡಿದ, ಆಗಲಿಲ್ಲ.

ವೇದಿಕೆಯ ಮೇಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೇಳಿದರು. ಯಾರಿಗೂ ಏನೂ ಗೊತ್ತಿಲ್ಲ. ಮಂಗಳವಾರ ಬೆಳಗ್ಗೆ ಕೊನೆಯವರಾಗಿ ಉಳಿದದ್ದು ಭಾನುವಾರದ ಸಭೆಯ ಅಧ್ಯಕ್ಷತೆ ವಹಿಸಿದ್ದ ಟೀಚರಮ್ಮ. ನಿವೃತ್ತ ಶಿಕ್ಷಕಿ, ಎಂಬತ್ತು ದಾಟಿದ ವಯಸ್ಸು, ಪಕ್ಷದ ಮಹಿಳಾ ಘಟಕದ ಹಿರಿಯರು. ಪೋಡಿಯಂನ ಮಗ್ಗುಲಲ್ಲೇ ಅವರ ಕುರ್ಚಿ ಇತ್ತು.

"ಕರ್ನಲ್ ಮಾತು ನಿಲ್ಲಿಸಿದಾಗ ನಿಮಗೇನಾದ್ರೂ ಕೇಳಿಸ್ತಾ ಅಮ್ಮಾ?" ಇನ್‌ಸ್ಪೆಕ್ಟರ್ ಎಲ್ಲರಿಗೂ ಕೇಳಿದ ಪ್ರಶ್ನೆಯನ್ನೇ ಕೇಳಿದರು.

"ಕೇಳಿಸ್ತಲ್ಲ," ಎಂದರು ಟೀಚರಮ್ಮ ಆರಾಮಾಗಿ. "ಯಾರೋ ಒಬ್ಬ ಮಾತಾಡ್ತಿದ್ದ. ಕಾರ್ಯಕ್ರಮದ್ದೇ ಇರ್ಬೇಕು ಅಂದ್ಕೊಂಡೆ."

ದಫೇದಾರರ ಪೆನ್ನು ನಿಂತಿತು.

"ಏನಂದ?"

"ಪಾಪ, ತುಂಬ ಮೆತ್ತಗೆ ಮಾತಾಡ್ತಿದ್ದ. ಪುಟ್ಟೀ, ಕೇಳಿಸ್ತಿದೆಯಾ ಅಂತ. ಇಲ್ಲಿ ಬಹಳ ಚಳಿ ಅಂತ."

ಹೊರಗೆ ಸುಡುಬಿಸಿಲು. ಅಂಥ ಬಿಸಿಲಲ್ಲೂ ದಫೇದಾರರು ಕಿಟಕಿಯ ಬಾಗಿಲು ಎಳೆದುಕೊಂಡರು.

ಟೀಚರಮ್ಮನ ಎಡಗಿವಿಯ ಹಿಂದೆ ಮಿಷನ್ ಇತ್ತು. ಸಭೆಗೆ ಹೋದಾಗ ಅದರ ಹಿಂದಿನ ಗುಂಡಿ ಒತ್ತಿಕೊಳ್ಳಬೇಕೆಂದು ಕಿವಿ ಡಾಕ್ಟರಮ್ಮ ಹೇಳಿಕೊಟ್ಟಿದ್ದಳಂತೆ. ಒತ್ತಿದರೆ ಸುತ್ತಲಿನ ಗಲಾಟೆ ನಿಂತು, ವೇದಿಕೆಯಿಂದ ಬರುವ ದನಿ ಮಾತ್ರ ನೇರ ಕಿವಿಗೆ ಬೀಳುತ್ತದಂತೆ. "ಕರ್ನಲ್ ಸಾಹೇಬ್ರದ್ದೂ ಅವಳ ಕ್ಲಿನಿಕ್ಕಲ್ಲೇ ಮಾಡಿಸಿದ್ದು. ಆ ಹುಡುಗಿಗೂ ಹುಟ್ಟಿನಿಂದ ಬಲಗಿವಿ ಕೇಳಿಸಲ್ಲ, ಅವಳೂ ಮಿಷನ್ ಹಾಕ್ತಾಳೆ. ಅದಕ್ಕೇ ನಮ್ಮಂಥವರ ಕಷ್ಟ ಅವಳಿಗೆ ಅರ್ಥ ಆಗುತ್ತೆ," ಎಂದರು. ಇನ್‌ಸ್ಪೆಕ್ಟರ್ ಆ ಮಿಷನ್ನನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದರು.

ಮಧ್ಯಾಹ್ನ ನಗರ ಸಭಾಂಗಣ ಖಾಲಿ ಇತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಎತ್ತರದ ಕಿಟಕಿಗಳಿಂದ ಬಿಸಿಲು ಬಂದು ವೇದಿಕೆಯ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ನಡುವೆ ಕರ್ನಲ್ ಪೋಡಿಯಂ. ಅದು ಸಭಾಂಗಣದ್ದಲ್ಲ, ಅವರದೇ. ಹೋದಲ್ಲೆಲ್ಲ ಪಕ್ಷದ ಲಾರಿಯಲ್ಲಿ ಜೊತೆಗೇ ಹೋಗುತ್ತಿತ್ತು. ಎದೆಯ ಭಾಗದಲ್ಲಿ ಸೇತುವೆಯ ಚಿತ್ರ ಕೆತ್ತಿದ್ದರು.

ಇಬ್ಬರು ಪಂಚರು ಕೆಳಗೆ ನಿಂತರು. ಮೈಕಪ್ಪ ವಿದ್ಯುತ್ ಸಂಪರ್ಕ ಕೊಟ್ಟ. ಇನ್‌ಸ್ಪೆಕ್ಟರ್ ಪೋಡಿಯಂ ಹಿಂದೆ ನಿಂತು ಟೀಚರಮ್ಮನ ಮಿಷನ್ನನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡು, ಇನ್ನೊಂದಕ್ಕೆ ಹತ್ತಿ ತುರುಕಿ, ಗುಂಡಿ ಒತ್ತಿದರು.

ಜಗತ್ತಿನ ಸದ್ದು ನಿಂತುಹೋಯಿತು. ಮೈಕಪ್ಪನ ತುಟಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ದಫೇದಾರರು ಬೂಟು ಕಾಲಿನಲ್ಲಿ ಹಲಗೆಯ ಮೇಲೆ ನಡೆದರು, ಸದ್ದಿಲ್ಲ. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಯಾರೋ ಉಸಿರಾಡಿದರು. ಇನ್‌ಸ್ಪೆಕ್ಟರ್ ತಮಗರಿವಿಲ್ಲದೆ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಪರದೆ ಮಾತ್ರ ಇತ್ತು.

"ಪುಟ್ಟೀ, ಕೇಳಿಸ್ತಿದೆಯಾ? ಯಾವ ಕಿವಿಗೆ ಕೇಳಿಸ್ತಿದೆ ಹೇಳು, ನೋಡೋಣ. ನಾನು ಇಲ್ಲೇ ಇದ್ದೀನಿ, ಸೇತುವೆ ಆಚೆ. ಇಲ್ಲಿ ಬಹಳ ಚಳಿ ಕಣೇ. ಸಾಹೇಬ್ರು ಹೇಳಿದ ತಕ್ಷಣ ಹೊರಟು ಬಂದ್ಬಿಡ್ತೀನಿ. ಕೇಳಿಸ್ತಿದೆಯಾ?"

ದನಿ ತಲೆಯ ಒಳಗೇ ಇತ್ತು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಒಬ್ಬ ಅಪ್ಪ ಮಗುವಿನ ಹತ್ತಿರ ಆಡುವ ಮಾತು. ಆದರೂ ಇನ್‌ಸ್ಪೆಕ್ಟರ್ ಮಿಷನ್ನನ್ನು ಕಿವಿಯಿಂದ ಕಿತ್ತು ತೆಗೆದರು.

"ಏನಾಯ್ತು ಸರ್?" ಎಂದರು ದಫೇದಾರರು.

"ನೀವೂ ಕೇಳಿ."

ದಫೇದಾರರು ಕೇಳಿದರು. ಮಿಷನ್ ತೆಗೆದುಕೊಟ್ಟು ಪೋಡಿಯಂನ ಹಿಂದೆ ಮಂಡಿಯೂರಿ ಒಳಗೆ ಇಣುಕಿದರು.

ಪೋಡಿಯಂನ ಒಳಹಲಗೆ ಬಿಚ್ಚಿದರು. ಸುತ್ತಲೂ ತಂತಿಯ ಸುರುಳಿ ಹಾಯಿಸಿದ್ದರು. ಅದಕ್ಕೆ ಸೇರಿಸಿದ್ದ ಒಂದು ಪುಟ್ಟ ಪ್ಲೇಯರ್, ಮೈಕಿಗೆ ಕರೆಂಟು ಬಂದರೆ ತಾನೂ ಚಾಲೂ ಆಗಿ, ಸ್ವಲ್ಪ ಹೊತ್ತು ಮೌನವಾಗಿದ್ದು, ಆಮೇಲೆ ಮಾತಾಡುವಂತಿತ್ತು.

"ತಂತಿ ನನಗೆ ಗೊತ್ತು ಸ್ವಾಮಿ," ಎಂದ ಮೈಕಪ್ಪ. "ಸಾಹೇಬ್ರ ಕಿವಿಗೆ ಅನುಕೂಲ ಅಂತ ಕಿವಿ ಕ್ಲಿನಿಕ್ಕಿನವರು ಹಾಕಿದ್ದು. ಇದರ ದನಿ ಮಿಷನ್ ಹಾಕಿದ ಕಿವಿಗೆ ಮಾತ್ರ ಕೇಳಿಸುತ್ತೆ. ಮಗಳೇ ಹಾಕಿಸಿದ್ರು. ಆದ್ರೆ ಈ ಪೆಟ್ಟಿಗೆ ನಾನು ನೋಡಿಲ್ಲ."

ಪಂಚನಾಮೆ ಬರೆದು, ಪ್ಲೇಯರಿಗೆ ಮೊಹರು ಹಾಕುವ ಮೊದಲು ದನಿಯ ಒಂದು ಪ್ರತಿ ತೆಗೆದುಕೊಂಡರು. ಮೇಲಧಿಕಾರಿಯ ಫೋನು ಬಂತು. "ಸಿಕ್ಕಿತಲ್ಲ, ಯಾರೋ ಹುಚ್ಚರ ಕೆಲಸ ಅಂತ ಮುಗಿಸಿ. ಸಾಹೇಬ್ರನ್ನ ಮತ್ತೆ ಕೆದಕ್ಬೇಡಿ." ಇನ್‌ಸ್ಪೆಕ್ಟರ್ "ಸರಿ ಸರ್" ಎಂದು ಫೋನಿಟ್ಟು, ಜೀಪನ್ನು ಆಸ್ಪತ್ರೆಯ ಕಡೆಗೆ ತಿರುಗಿಸಲು ಹೇಳಿದರು. ಬೆದರಿಕೆ ಎಂದು ಕೇಸು ಹಾಕಬೇಕಾದರೆ, ಮಗುವನ್ನು ಮಾತಾಡಿಸುವ ದನಿಗೆ ಒಬ್ಬ ಕರ್ನಲ್ ಯಾಕೆ ಹೆದರಿದರು ಎಂಬುದು ಗೊತ್ತಾಗಬೇಕಿತ್ತು.

ಅದೇ ಪಂಚರ ಎದುರಿಗೆ, ಮಗಳ ಎದುರಿಗೆ, ಇನ್‌ಸ್ಪೆಕ್ಟರ್ ಟವೆಲ್ ಸರಿಸಿ ಡಬ್ಬಿಯನ್ನು ಕರ್ನಲ್ ಮುಂದಿಟ್ಟರು. ಹಾಕಿಕೊಳ್ಳುವಂತೆ ಸನ್ನೆ ಮಾಡಿದರು. ಕರ್ನಲ್ ತಲೆಯಾಡಿಸಿದರು. ಇನ್‌ಸ್ಪೆಕ್ಟರ್ ಕಾದರು. ಕೊನೆಗೆ ಮಗಳೇ ಮುಂದೆ ಬಂದು, ಚಿಕ್ಕ ಮಕ್ಕಳಿಗೆ ತೊಡಿಸುವಂತೆ ಎರಡೂ ಕಿವಿಗೆ ಮಿಷನ್ ತೊಡಿಸಿದರು.

ಇನ್‌ಸ್ಪೆಕ್ಟರ್ ಮೊಬೈಲಿನ ದನಿ ಎತ್ತರಿಸಿ ಹಾಕಿದರು. ಪುಟ್ಟೀ, ಕೇಳಿಸ್ತಿದೆಯಾ?

ಕರ್ನಲ್ ಕೂತಲ್ಲೇ ಗೋಡೆಗೆ ಆತುಕೊಂಡರು. ಮಗಳು ಬೆಚ್ಚಿ ಮೊಬೈಲ್ ಕಡೆ ನೋಡಿದರು. ಆಕೆ ಬೆಚ್ಚಿದ್ದನ್ನು ಕರ್ನಲ್ ಕಂಡರು. ಅವರ ಮುಖ ನಿಧಾನವಾಗಿ ಬದಲಾಯಿತು.

"ನಿನಗೂ ಕೇಳಿಸ್ತಾ?"

"ಕೇಳಿಸ್ತು ಅಪ್ಪಾ."

"ನಿಮಗೆ?" ಪಂಚರೂ ತಲೆದೂಗಿದರು. ಕರ್ನಲ್ ದೀರ್ಘವಾಗಿ ಉಸಿರುಬಿಟ್ಟರು. "ನಾನು... ಅವನೇ ಬಂದ ಅಂದ್ಕೊಂಡಿದ್ದೆ."

"ಯಾರು ಸರ್?"

"ಅಪ್ಪಾ, ಪಂಚರಿದ್ದಾರೆ," ಎಂದರು ಮಗಳು ಮೆಲ್ಲಗೆ. "ನಾಡಿದ್ದು ಪ್ರಮಾಣವಚನ."

"ಇರ್ಲಿ." ಕರ್ನಲ್ ಹೆಸರು ಹೇಳಿದರು. ತಂದೆಯ ಹೆಸರಿನೊಂದಿಗೆ, ಸೈನ್ಯದ ಸಂಖ್ಯೆಯೊಂದಿಗೆ, ಒಂದಕ್ಷರ ತಡವರಿಸದೆ ಹೇಳಿದರು. ಸೇತುವೆಯಾಚೆ ಕಾವಲಿದ್ದ ನಾಲ್ವರ ಮುಖ್ಯಸ್ಥ, ಹವಾಲ್ದಾರ. ಉಳಿದ ಮೂವರ ಹೆಸರನ್ನೂ ಹಾಗೆಯೇ ಹೇಳಿದರು.

"ಸೇತುವೆ ಉಡಾಯಿಸಿ ಅಂತ ಮೇಲಿನಿಂದ ಆದೇಶ ಬಂತು. ಅವನು ಫೋನಲ್ಲಿ ಕೇಳ್ತಿದ್ದ, ಬರ್ಲಾ ಸರ್, ಬರ್ಲಾ ಅಂತ. ಅವರು ವಾಪಸ್ ಓಡಿ ಬಂದ್ರೆ ಶತ್ರು ಹಿಂದೆಯೇ ನುಗ್ತಿದ್ದ. ಅವರು ಅಲ್ಲಿದ್ದು ಗುಂಡು ಹಾರಿಸ್ತಿದ್ರೆ ಮಾತ್ರ ನಮಗೆ ಸಮಯ. ಅಲ್ಲೇ ಇರು, ಹೇಳ್ತೀನಿ ಅಂದೆ. ಅಲ್ಲೇ ಇದ್ದ."

"ಆಮೇಲೆ?"

"ಆಮೇಲೆ ಸೇತುವೆ ಇರ್ಲಿಲ್ಲ." ಕರ್ನಲ್ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಅಲ್ಲೇ ಇರು ಅಂದಿದ್ದು ಯುದ್ಧ. ಅದಕ್ಕೆ ನಾನು ಯಾರಿಗೂ ಹೆದರಲ್ಲ. ಓಡಿಹೋದ್ರು ಅಂತ ವರದಿ ಕೊಟ್ಟಿದ್ದು ಯುದ್ಧ ಅಲ್ಲ, ಅದು ನಾನು. ನಮ್ಮವರೇ ಆಚೆ ಇದ್ದಾಗ ಉಡಾಯಿಸಿದೆ ಅಂದ್ರೆ ವಿಚಾರಣೆ ಆಗ್ತಿತ್ತು. ಬಡ್ತಿ ನಿಲ್ತಿತ್ತು."

ದಫೇದಾರರು ಬರೆಯುತ್ತಿದ್ದರು.

"ಪುಟ್ಟಿ ಅಂದ್ರೆ ಯಾರು ಸರ್?"

"ಅವನ ಮಗಳು. ಕೈಗೂಸು. ಒಂದು ಕಿವಿ ಕೇಳಿಸಲ್ಲ, ದೊಡ್ಡಾಸ್ಪತ್ರೆಗೆ ತೋರಿಸ್ಬೇಕು ಅಂತ ರಜ ಕೇಳಿದ್ದ. ನಾನು ಕೊಟ್ಟಿರ್ಲಿಲ್ಲ."

ಇನ್‌ಸ್ಪೆಕ್ಟರ್ ಮತ್ತು ದಫೇದಾರರು ಮುಖ ಮುಖ ನೋಡಿಕೊಂಡರು.

ಮೆಟ್ಟಿಲಿಳಿಯುವಾಗ ದಫೇದಾರರು ಹೇಳಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ಇಲ್ಲಿ ಯಾರೂ ಕಳ್ಳ ಅಂತಾನೂ ಅಂದಿರ್ಲಿಲ್ಲ ಸರ್."

ಬುಧವಾರ ಮಧ್ಯಾಹ್ನ ಊಟದ ವೇಳೆಗೆ ಅವರು ಕ್ಲಿನಿಕ್ಕಿಗೆ ಹೋದರು. ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಸಣ್ಣ ಕೋಣೆ. ಒಳಗಿನ ಕೋಣೆಯ ಗೋಡೆಗೆ ಸದ್ದು ಹೀರುವ ಬೂದು ಬಣ್ಣದ ಹಾಸು ಬಡಿದಿದ್ದರು. ಒಳಗೆ ಕಾಲಿಟ್ಟರೆ ತಮ್ಮ ಮಾತೇ ತಮ್ಮ ಬಾಯಿಯಿಂದ ಬಿದ್ದು ಸತ್ತುಹೋದಂತೆ ಕೇಳಿಸುತ್ತಿತ್ತು. ಕಿವಿ ಡಾಕ್ಟರಮ್ಮ ಮಿಷನ್ ಕೂರಿಸಲು ಒಬ್ಬ ಮುದುಕರ ಕಿವಿಯ ಅಚ್ಚು ತೆಗೆಯುತ್ತಿದ್ದಳು. ಮೂವತ್ತೈದರ ಆಸುಪಾಸಿನ ವಯಸ್ಸು. ಬಲಗಿವಿಯ ಹಿಂದೆ ಮಿಷನ್.

"ಐದು ನಿಮಿಷ. ಅಚ್ಚು ಗಟ್ಟಿಯಾಗ್ಬೇಕು, ಅರ್ಧಕ್ಕೆ ತೆಗೆದ್ರೆ ಅವರಿಗೆ ನೋವಾಗುತ್ತೆ," ಎಂದಳು. ಪೊಲೀಸರು ಕಾದರು. ಮುದುಕರನ್ನು ಮೆಟ್ಟಿಲ ತನಕ ಕೈಹಿಡಿದು ಬಿಟ್ಟು ಬಂದು ಆಕೆ ಸ್ಟೂಲಿನ ಮೇಲೆ ಕೂತಳು. ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಬಾಗಿಲ ಬಳಿ ನಿಂತಳು.

"ಪ್ಲೇಯರ್ ಇಟ್ಟಿದ್ದು ನೀವಾ?"

"ಹೌದು."

"ದನಿ?"

"ನಮ್ಮಪ್ಪಂದು. ಯುದ್ಧಕ್ಕೆ ಹೋದಲ್ಲಿಂದ ಕ್ಯಾಸೆಟ್ ಕಳಿಸಿದ್ರು. ಅಮ್ಮ ಕ್ಯಾಸೆಟ್ ಹಾಕಿ ಒಂದ್ಸಲ ಆ ಕಿವಿಗೆ, ಒಂದ್ಸಲ ಈ ಕಿವಿಗೆ ಹಿಡಿದು ನೋಡ್ತಿದ್ಲಂತೆ. ಆಮೇಲೆ ಅಪ್ಪ ಓಡಿಹೋದ ಅಂತ ಸುದ್ದಿ ಬಂತು. ದೊಡ್ಡವಳಾದ ಮೇಲೆ ನಾನು ಅದನ್ನ ಮುಟ್ಟಲೇ ಇಲ್ಲ. ಸ್ಕೂಲಲ್ಲಿ ನನ್ನ ಹೆಸರೇ ಓಡಿಹೋದವನ ಮಗಳು ಅಂತ. ಅಮ್ಮ ಸಾಯೋತನಕ ಬಾಗಿಲಿಗೆ ಚಿಲಕ ಹಾಕ್ಲಿಲ್ಲ. ಬಂದ್ರೆ ಕದ ತಟ್ಟೋಕೂ ನಾಚಿಕೆ ಪಡ್ತಾರೆ, ತೆರೆದೇ ಇರ್ಲಿ ಅಂತಿದ್ಲು. ಅವಳು ಹೋದ ಮೇಲೆ ಕ್ಯಾಸೆಟ್ ಹಾಕಿ ಕೇಳಿದೆ. ಓಡಿಹೋಗೋನು ಸಾಹೇಬ್ರು ಹೇಳಿದ ತಕ್ಷಣ ಬರ್ತೀನಿ ಅಂತಾನಾ ಸರ್?"

"ಕರ್ನಲ್‌ನ ಕೇಳ್ಬಹುದಿತ್ತಲ್ಲ?"

"ಕೇಳಿದೆ. ಇದೇ ಕುರ್ಚಿಯಲ್ಲಿ ಕೂತಿದ್ರು. ಅಪ್ಪನ ಹೆಸರು ಹೇಳಿದೆ. ಅಂಥವನು ಯಾರೂ ನೆನಪಿಲ್ಲಮ್ಮ ಅಂದ್ರು. ಅವರಿಗೆ ನೆನಪಿಲ್ಲದೇ ಇರ್ಬಹುದು, ಕಿವಿಗೆ ನೆನಪಿದೆಯಾ ನೋಡೋಣ ಅನ್ನಿಸ್ತು. ಕಿವಿ ಅಷ್ಟು ಸುಲಭಕ್ಕೆ ಮರೆಯಲ್ಲ, ದಿನಾ ನೋಡ್ತೀನಲ್ಲ."

"ಮೊದಲನೇ ಸಭೆಯಲ್ಲೇ ಗೊತ್ತಾಗಿತ್ತು ನಿಮಗೆ."

"ಗೊತ್ತಾಗಿತ್ತು. ಟೀವಿಯಲ್ಲಿ ನೋಡಿದೆ. ಅಲ್ಲೇ ಇರು ಅಂದ್ರು."

"ಮತ್ತೆ ಎರಡು ಸಲ ಯಾಕೆ? ಅವರ ಪ್ರಾಣ ಹೋಗ್ತಿತ್ತು."

ಆಕೆ ಮುದುಕರ ಕಿವಿಯ ಅಚ್ಚನ್ನು ಎತ್ತಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ಪ್ರಾಣ ಹೋಗುತ್ತೆ ಅಂದ್ಕೊಂಡಿರ್ಲಿಲ್ಲ. ತಪ್ಪು, ಒಪ್ಕೋತೀನಿ. ಆದ್ರೆ... ಅಷ್ಟು ವರ್ಷ ಅಪ್ಪ ಒಬ್ಬನೇ ಕೇಳಿಸ್ತಿದೆಯಾ, ಕೇಳಿಸ್ತಿದೆಯಾ ಅಂತಿದ್ದ. ಯಾರೋ ಒಬ್ಬರು ಉತ್ತರ ಕೊಡ್ತಿದ್ರಲ್ಲ ಸರ್. ಅದನ್ನ ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

ಅಷ್ಟು ಹೊತ್ತಿಗೆ ಗುರುವಾರದ ಪಟ್ಟಿಯಿಂದ ಕರ್ನಲ್ ಹೆಸರು ಹೋಗಿತ್ತು. ಆಸ್ಪತ್ರೆಯಿಂದಲೇ ಪಕ್ಷದ ಅಧ್ಯಕ್ಷರಿಗೆ ತಾವೇ ಫೋನು ಮಾಡಿ ಮಂತ್ರಿಗಿರಿ ಬೇಡವೆಂದು ಹೇಳಿದ್ದರು. ಮಗಳು ಬೆಳಗ್ಗೆ ಠಾಣೆಗೆ ಬಂದು ದೂರು ವಾಪಸು ಪಡೆಯಬಹುದೇ ಎಂದು ಕೇಳಿದ್ದರು. ಅದು ಇನ್ನು ನ್ಯಾಯಾಲಯಕ್ಕೆ ಬಿಟ್ಟದ್ದು ಎಂದಿದ್ದರು ಇನ್‌ಸ್ಪೆಕ್ಟರ್.

"ಅವರು ನಿಮ್ಮ ತಂದೆಯ ಹೆಸರು ಹೇಳಿದ್ರು," ಎಂದರು ಇನ್‌ಸ್ಪೆಕ್ಟರ್. "ನಡೆದದ್ದೆಲ್ಲ ಹೇಳಿದ್ರು. ಪಂಚರ ಸಹಿ ಆಗಿದೆ. ನಿಮ್ಮ ತಂದೆ ಓಡಿಹೋಗಿರ್ಲಿಲ್ಲ. ಸೇತುವೆ ಆಚೆಯೇ ಇದ್ರು, ಕೊನೆಯವರೆಗೂ."

ಆಕೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಬಲಗಿವಿಯ ಮಿಷನ್ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಮಹಿಳಾ ಕಾನ್‌ಸ್ಟೇಬಲ್ ಕೊಟ್ಟ ನೀರು ಕುಡಿದಳು.

ದಫೇದಾರರು ಮೇಜಿನ ಮೇಲೆ ಬಂಧನದ ಜ್ಞಾಪನ ಹರಡಿಕೊಂಡು ಬರೆಯತೊಡಗಿದರು. ಹೆಸರು ಬರೆದರು, ವಯಸ್ಸು ಬರೆದರು. ತಂದೆಯ ಹೆಸರು ಎಂಬಲ್ಲಿ ಪೆನ್ನು ತಡೆಯಿತು. ಅವರು ತಲೆ ಎತ್ತದೆ ಕೇಳಿದರು.

"ಹಿಂದೆ ದಿವಂಗತ ಅಂತ ಹಾಕ್ಲಾ ತಾಯಿ?"

ಇದುವರೆಗೆ ಯಾವ ಕಾಗದದಲ್ಲೂ ಆ ಪದ ಹಾಕಲು ಅವಳಿಗೆ ಹಕ್ಕಿರಲಿಲ್ಲ.

"ಹಾಕಿ," ಎಂದಳು. ಅವರು ಬರೆದು ಮುಗಿಸುವ ತನಕ ಅವಳು ಆ ಅಕ್ಷರಗಳನ್ನೇ ನೋಡುತ್ತಿದ್ದಳು. ಆಮೇಲೆ ಅವಳಿಗೆ ಅಳು ಕಿತ್ತುಕೊಂಡು ಬಂತು.